ಗ್ಯಾಸ್ ಒಲೆಗೆ ಕಲಿತ ಕೈಯೇ ಬೇಕು



ಚನ್ನಪಟ್ಟಣದ ಗೊಂಬೆ ನಮಗೆಲ್ಲ ಗೊತ್ತು. ಮರದ ತುಂಡನ್ನು ತಿರುಗಿಸುತ್ತಾರೆ. ಅರಗಿನ ಬಣ್ಣ ಹಚ್ಚುತ್ತಾರೆ. ನೋಡೋಕೆ ಸುಲಭ. ಮಾಡೋಕೆ ಕೈ ಪಳಗಿರಬೇಕು. ಗೊಂಬೆ ಕೆಟ್ಟರೆ ಒಂದು ತುಂಡು ಮರ ಹೋಯಿತು, ಅಷ್ಟೇ. ಗ್ಯಾಸ್ ಕೆಲಸ ಕೆಟ್ಟರೆ? ಮನೆ ಹೋಗುತ್ತದೆ. ಜೀವವೂ ಹೋಗಬಹುದು. ಆದ್ದರಿಂದ ಗ್ಯಾಸ್ ಒಲೆ ಮುಟ್ಟುವ ಕೈ ಯಾರದು ಎಂದು ನಾವು ತಿಳಿಯಬೇಕು.

ಗ್ಯಾಸಿನ ಗುಣ

ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಎಂದು ಅದಕ್ಕೆ ಕೆಟ್ಟ ವಾಸನೆ ಬೆರೆಸುತ್ತಾರೆ. ಗ್ಯಾಸ್ ಗಾಳಿಗಿಂತ ಭಾರ. ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ. ನೀರಿನ ಹಾಗೆ ನೆಲದ ಮೇಲೆ ಹರಡುತ್ತದೆ. ಮೂಲೆಯಲ್ಲಿ ನಿಲ್ಲುತ್ತದೆ. ಆಗ ಒಂದು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ಸ್ವಿಚ್ ಒತ್ತಿದಾಗಲೂ ಸಣ್ಣ ಕಿಡಿ ಹಾರುತ್ತದೆ.

ಯಾರನ್ನು ಕರೆಯಬೇಕು?

ಒಲೆ ಸರಿಯಾಗಿ ಉರಿಯುತ್ತಿಲ್ಲ. ಪೈಪು ಬಿರುಕು ಬಿಟ್ಟಿದೆ. ರೆಗ್ಯುಲೇಟರ್ ಸರಿಯಾಗಿ ಕೂರುತ್ತಿಲ್ಲ. ಆಗ ನಾವು ಏನು ಮಾಡುತ್ತೇವೆ? ಸೈಕಲ್ ಮೇಲೆ "ಒಲೆ ರಿಪೇರೀ" ಎಂದು ಕೂಗುತ್ತಾ ಹೋಗುವವರನ್ನು ಕರೆಯುತ್ತೇವೆ. ಇಲ್ಲದಿದ್ದರೆ ಪಕ್ಕದ ಮನೆ ಹುಡುಗನಿಗೆ ಹೇಳುತ್ತೇವೆ. ಇದು ತಪ್ಪು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಯಾವ ಊರಿನವರೇ ಆಗಲಿ, ನಮಗೆ ಸಿಲಿಂಡರ್ ಕೊಡುವ ಒಂದು ಗ್ಯಾಸ್ ಏಜೆನ್ಸಿ ಇರುತ್ತದೆ. ಆ ಏಜೆನ್ಸಿಯಲ್ಲಿ ತರಬೇತಿ ಪಡೆದ ಮೆಕ್ಯಾನಿಕ್ ಇರುತ್ತಾರೆ. ಅವರನ್ನೇ ಕರೆಯಬೇಕು. ಏಜೆನ್ಸಿಯ ಫೋನ್ ನಂಬರು ಗ್ಯಾಸ್ ಪುಸ್ತಕದಲ್ಲಿ ಇರುತ್ತದೆ. ಬಿಲ್ಲಿನ ಮೇಲೂ ಇರುತ್ತದೆ. ಅದನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಈಗ ನಮಗೆ ಬರೆಯಲು ಬರುತ್ತದಲ್ಲ!

ಬಾಗಿಲಿಗೆ ಬಂದವರು

ಕೆಲವರು ತಾವಾಗಿಯೇ ಬರುತ್ತಾರೆ. "ಗ್ಯಾಸ್ ಕಂಪನಿಯಿಂದ ಬಂದಿದ್ದೀವಿ ಅಮ್ಮಾ. ಪೈಪ್ ಬದಲಾಯಿಸದಿದ್ದರೆ ಸಿಲಿಂಡರ್ ಬರಲ್ಲ" ಎಂದು ಹೆದರಿಸುತ್ತಾರೆ. ದುಡ್ಡು ಕೇಳುತ್ತಾರೆ. ರಸೀದಿ ಕೊಡುವುದಿಲ್ಲ.

ಐದು ವರ್ಷಕ್ಕೊಮ್ಮೆ ಮನೆಗೆ ಬಂದು ಗ್ಯಾಸ್ ಪರೀಕ್ಷೆ ಮಾಡಬೇಕೆಂಬ ನಿಯಮ ಇದೆ. ಅದಕ್ಕೆ ಏಜೆನ್ಸಿಯವರು ಬರುವುದು ನಿಜ. ಹಾಗೆಂದು ಬಂದವರೆಲ್ಲ ಏಜೆನ್ಸಿಯವರಲ್ಲ. ಮೊದಲು ಗುರುತಿನ ಚೀಟಿ ಕೇಳಿ. ಫೋಟೋ ನೋಡಿ. ಏಜೆನ್ಸಿಯ ಹೆಸರು ಓದಿ. ಆಮೇಲೆ ಹೀಗೆ ಹೇಳಿ: "ಸ್ವಲ್ಪ ಇರಪ್ಪ, ಏಜೆನ್ಸಿಗೆ ಒಂದು ಫೋನ್ ಮಾಡ್ತೀನಿ." ಗೋಡೆಯ ಮೇಲಿನ ನಂಬರಿಗೇ ಫೋನ್ ಮಾಡಿ. ಬಂದವರು ಕೊಟ್ಟ ನಂಬರಿಗೆ ಬೇಡ. ನಿಜವಾದ ಮೆಕ್ಯಾನಿಕ್ ಆದರೆ ಕಾಯುತ್ತಾನೆ. ಸುಳ್ಳು ಹೇಳುವವನು ಜಾಗ ಖಾಲಿ ಮಾಡುತ್ತಾನೆ.

ಕೇಳಲು ಸಂಕೋಚ ಬೇಡ. 2016ರ ಮೇ 1ರಂದು ಶುರುವಾದ ಉಜ್ವಲ ಯೋಜನೆಯಲ್ಲಿ ಗ್ಯಾಸ್ ಕೊಡುವುದೇ ಹೆಂಗಸರ ಹೆಸರಿಗೆ. ಗ್ಯಾಸ್ ನಮ್ಮ ಹೆಸರಲ್ಲಿ ಇದ್ದ ಮೇಲೆ ಕೇಳುವ ಹಕ್ಕೂ ನಮ್ಮದೇ.

ಕೆಲಸ ಮಾಡುವಾಗ ನೋಡಿ

ಮೆಕ್ಯಾನಿಕ್ ಬಂದಾಗ ಪಕ್ಕದಲ್ಲೇ ನಿಂತು ನೋಡಿ. ಕೆಲಸ ಮುಗಿದ ಮೇಲೆ ಆತ ಪೈಪಿನ ಎರಡು ತುದಿಗೂ ಸೋಪಿನ ನೀರು ಹಚ್ಚಿ ನೋಡಬೇಕು. ಗುಳ್ಳೆ ಬಂದರೆ ಸೋರುತ್ತಿದೆ ಎಂದು ಅರ್ಥ. ಬೆಂಕಿಕಡ್ಡಿ ಗೀರಿ ನೋಡುವವನನ್ನು ಕೂಡಲೇ ತಡೆಯಿರಿ. ಅವನಿಗೆ ಕೆಲಸ ಗೊತ್ತಿಲ್ಲ.

ಹೊಸ ಪೈಪಿನ ಮೇಲೆ ಐ.ಎಸ್.ಐ. ಗುರುತು ಇರಬೇಕು. 9573 ಎಂಬ ಅಂಕಿ ಇರಬೇಕು. ತಯಾರಾದ ವರ್ಷವನ್ನೂ ಓದಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ನಡುವೆ ಬಿರುಕು ಬಿಟ್ಟರೆ ಕೂಡಲೇ ಬದಲಾಯಿಸಬೇಕು.

ದುಡ್ಡು ಎಷ್ಟು ಎಂದು ಮೊದಲೇ ಕೇಳಿ. ಕೊಟ್ಟ ಮೇಲೆ ರಸೀದಿ ಪಡೆಯಿರಿ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ತೂಕ ನೋಡದೆ, ಚೀಟಿ ಪಡೆಯದೆ ರೇಷ್ಮೆ ಗೂಡು ಬಿಟ್ಟು ಬರುತ್ತೇವೆಯೇ? ಇಲ್ಲ. ಇಲ್ಲಿಯೂ ಹಾಗೆಯೇ. ಮುಂದೆ ತೊಂದರೆ ಬಂದರೆ ಆ ರಸೀದಿಯೇ ನಮ್ಮ ಸಾಕ್ಷಿ.

ವಾಸನೆ ಬಂದರೆ

ಗಾಬರಿ ಬೇಡ. ಹೀಗೆ ಮಾಡಿ.

1. ಒಲೆ ಆರಿಸಿ. ದೀಪ, ಊದುಬತ್ತಿ ಆರಿಸಿ.
2. ರೆಗ್ಯುಲೇಟರ್ ಬಂದ್ ಮಾಡಿ.
3. ಬಾಗಿಲು, ಕಿಟಕಿ ತೆರೆಯಿರಿ.
4. ಕರೆಂಟಿನ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹಾಕಲೂಬೇಡಿ, ಆರಿಸಲೂಬೇಡಿ.
5. ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು ಹೊರಗೆ ಬನ್ನಿ.
6. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ.

1906 ಗ್ಯಾಸ್ ಸೋರಿಕೆಗೆಂದೇ ಇರುವ ನಂಬರು. ಇದು 2016ರಲ್ಲಿ ಶುರುವಾಯಿತು. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಯಬಹುದು. ಬೆಂಕಿ ಹತ್ತಿದರೆ 101 ಅಥವಾ 112ಕ್ಕೆ ಫೋನ್ ಮಾಡಿ.

ಇಷ್ಟು ದಿನ ಯಾರೋ ಹೇಳಿದ್ದನ್ನು ನಂಬಬೇಕಾಗಿತ್ತು. ಈಗ ಚೀಟಿ ಓದಬಹುದು, ಪೈಪಿನ ಮೇಲಿನ ಅಂಕಿ ಓದಬಹುದು, ರಸೀದಿ ಓದಬಹುದು. ಓದಿ ನೋಡಿ, ಆಮೇಲೆ ಒಳಗೆ ಬಿಡಿ.

ಓದಿ, ಮಾತಾಡಿ

1. ನಿಮ್ಮ ಏಜೆನ್ಸಿಯ ಹೆಸರೇನು? ಫೋನ್ ನಂಬರು ಎಷ್ಟು? ಬರೆಯಿರಿ.
2. ನಿಮ್ಮ ಮನೆಯ ಗ್ಯಾಸ್ ಪೈಪಿನ ಮೇಲೆ ಯಾವ ವರ್ಷ ಇದೆ? ಓದಿ ಬನ್ನಿ.
3. ಗ್ಯಾಸ್ ವಾಸನೆ ಬಂದಾಗ ಸ್ವಿಚ್ ಏಕೆ ಮುಟ್ಟಬಾರದು? ಮನೆಯವರಿಗೆಲ್ಲ ತಿಳಿಸಿ ಹೇಳಿ.