ಗಿಲಾವಿಗೆ ಮೊದಲೇ ಇಂಟರ್‌ನೆಟ್ ಕೇಬಲ್‌ಗೆ ದಾರಿ

ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳ ಗ್ರಾಮಗಳಲ್ಲಿ ಕಲ್ಲುಗೋಡೆಯ ಮಾಳಿಗೆ ಮನೆಗಳ ಪಕ್ಕದಲ್ಲಿ ಆರ್‌ಸಿಸಿ ಮನೆಗಳು ಏಳುತ್ತಿವೆ. ದೀಪ ಮತ್ತು ಫ್ಯಾನಿನ ತಂತಿಗಳಿಗೆ ಬೇಕಾದ ಪೈಪುಗಳನ್ನು ಛಾವಣಿಗೆ ಕಾಂಕ್ರೀಟ್ ಸುರಿಯುವ ಮುನ್ನವೇ ಸರಳುಗಳ ನಡುವೆ ಇರಿಸುವುದು ಎಲ್ಲರಿಗೂ ತಿಳಿದ ಕ್ರಮ. ಇಂಟರ್‌ನೆಟ್ ಕೇಬಲ್‌ಗೆ ಮಾತ್ರ ಇಂತಹ ಸಿದ್ಧತೆ ಅಪರೂಪ. ಗೃಹಪ್ರವೇಶ ಮುಗಿದ ಮೇಲೆ ಕಿಟಕಿಯ ಸಂದಿಯಿಂದ ಅದನ್ನು ಒಳಗೆ ತಂದು, ಬಾಗಿಲ ಚೌಕಟ್ಟಿನ ಮೇಲೆ ಮೊಳೆ ಹೊಡೆದು ತೂಗುಬಿಡಲಾಗುತ್ತದೆ.

ಪಂಚಾಯಿತಿಯ ಸ್ವಂತ ಕಟ್ಟಡಗಳ ವಿಷಯದಲ್ಲಿ ಇದು ಇನ್ನೂ ಗಂಭೀರ. 2011ರಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲವೆಂದು ಆರಂಭಗೊಂಡು ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಉದ್ದೇಶ, ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಲುಪಿಸುವುದು. ಆದರೆ ಫೈಬರ್ ಬಂದು ನಿಂತ ಗೋಡೆಯಿಂದ ಗಣಕಯಂತ್ರದ ಮೇಜಿನವರೆಗಿನ ಹತ್ತಾರು ಅಡಿಗಳು ಸರಿಯಿಲ್ಲದಿದ್ದರೆ ಅಷ್ಟು ದೂರದಿಂದ ಬಂದ ಸಂಪರ್ಕವೂ ನಿಷ್ಪ್ರಯೋಜಕ. ಇಲಿ ಕಡಿದ ಒಂದು ಕೇಬಲ್‌ನಿಂದ ಬಾಪೂಜಿ ಸೇವಾ ಕೇಂದ್ರದ ಕೆಲಸ ನಿಂತರೆ, ದಿನದ ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಮರಳಬೇಕಾಗುತ್ತದೆ.

ನಕ್ಷೆಯ ಹಂತದಲ್ಲಿ ಮೊದಲು ನಿರ್ಧರಿಸಬೇಕಾದದ್ದು ರೌಟರ್ ಇರುವ ಸ್ಥಳ. ಅದು ಒಣಗಿದ, ಗಾಳಿಯಾಡುವ ಒಳಗೋಡೆಯಾಗಿರಬೇಕು. ಪಡುವಣ ಬಿಸಿಲಿಗೆ ಕಾಯುವ ಗೋಡೆಯಾಗಲಿ, ಬಚ್ಚಲಿನ ಗೋಡೆಯಾಗಲಿ ತಕ್ಕುದಲ್ಲ. ಪ್ರತಿ ಕೋಣೆಯಿಂದಲೂ ಆ ಸ್ಥಳಕ್ಕೆ ಪ್ರತ್ಯೇಕ ಕೇಬಲ್ ನೇರವಾಗಿ ಬರಬೇಕು. ಒಂದು ಕೋಣೆಯಿಂದ ಇನ್ನೊಂದಕ್ಕೆ ಜೋಡಿಸುತ್ತಾ ಹೋದರೆ ನಡುವಿನ ಒಂದು ದೋಷ ಮುಂದಿನ ಎಲ್ಲವನ್ನೂ ನಿಲ್ಲಿಸುತ್ತದೆ.

ಗೋಡೆಯೊಳಗೆ ಹೂಳಬೇಕಾದದ್ದು ಪೈಪನ್ನು, ಬರಿಯ ಕೇಬಲ್ಲನ್ನಲ್ಲ. ಕೇಬಲ್ ಹಳತಾಗುತ್ತದೆ, ತಂತ್ರಜ್ಞಾನ ಬದಲಾಗುತ್ತದೆ. ಪೈಪಿದ್ದರೆ ಹಳೆಯದನ್ನು ಎಳೆದು ಹೊಸದನ್ನು ತೂರಿಸಬಹುದು. 25 ಮಿ.ಮೀ. ಪೈಪು ಸಾಕು, ಆದರೆ ತುಂಬಾ ಕಿಕ್ಕಿರಿಯಬಾರದು. ಮೂಲೆಗಳಲ್ಲಿ ಚೂಪಾದ ಎಲ್ಬೋ ಬದಲು ಅಗಲ ತಿರುವಿನ ಬೆಂಡ್ ಬಳಸಬೇಕು. ಎರಡು ತಿರುವುಗಳಿಗಿಂತ ಹೆಚ್ಚಿದ್ದರೆ ನಡುವೆ ಒಂದು ಪೆಟ್ಟಿಗೆ ಬೇಕು. ಖಾಲಿ ಪೈಪಿನಲ್ಲಿ ನೈಲಾನ್ ದಾರ ಬಿಟ್ಟು ಎರಡೂ ತುದಿ ಮುಚ್ಚುವಂತೆ ಗೌಂಡಿಗೆ ಮೊದಲೇ ಹೇಳಬೇಕು. ಸಿಮೆಂಟ್ ಹೊಕ್ಕು ಗಟ್ಟಿಯಾದ ಪೈಪಿಗೆ ಮದ್ದಿಲ್ಲ.

ವಿದ್ಯುತ್ ತಂತಿ ಇರುವ ಪೈಪಿನಲ್ಲಿಯೇ ನೆಟ್‌ವರ್ಕ್ ಕೇಬಲ್ ಹಾಯಿಸುವುದು ಉಳಿತಾಯವಲ್ಲ, ಅಪಾಯ. ತಂತಿಯ ಹೊದಿಕೆ ಹರಿದರೆ ಗಣಕಯಂತ್ರಕ್ಕೂ ಅದನ್ನು ಮುಟ್ಟಿದವರಿಗೂ ವಿದ್ಯುತ್ ತಗುಲಬಹುದು. ಎರಡರ ನಡುವೆ ಒಂದು ಅಡಿ ಅಂತರವಿರಲಿ. ದಾಟಲೇಬೇಕಾದಲ್ಲಿ ಅಡ್ಡಲಾಗಿ, ನೇರ ಕೋನದಲ್ಲಿ ದಾಟಲಿ.

ಅಂದಾಜುಪಟ್ಟಿಯಲ್ಲಿ ‘ಕೇಬಲ್’ ಎಂದಷ್ಟೇ ಬರೆದಿದ್ದರೆ ಸಾಲದು. ‘ಕ್ಯಾಟ್ 6, ಶುದ್ಧ ತಾಮ್ರ’ ಎಂದು ಸ್ಪಷ್ಟವಾಗಿರಬೇಕು. ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ಹೊರನೋಟಕ್ಕೆ ಹಾಗೆಯೇ ಕಾಣುತ್ತದೆ, ಆದರೆ ಬೇಗ ಮುರಿಯುತ್ತದೆ. ಅದೇ ಕೇಬಲ್‌ನಲ್ಲಿ ವಿದ್ಯುತ್ ಪಡೆಯುವ ಕ್ಯಾಮೆರಾಗಳಿಗೆ ಅದು ಸಲ್ಲದು. ತಾಮ್ರದ ಕೇಬಲ್‌ನ ಒಟ್ಟು ಉದ್ದ 100 ಮೀಟರ್ ಮೀರಬಾರದು. ಕಚೇರಿಯಿಂದ ಪಕ್ಕದ ಗ್ರಂಥಾಲಯಕ್ಕೆ ಅಥವಾ ಅಂಗನವಾಡಿಗೆ ಸಂಪರ್ಕ ಕೊಡುವಾಗ ಫೈಬರ್ ಲೇಸು. ಸಿಡಿಲಿನ ಆಘಾತ ತಾಮ್ರದ ಮೂಲಕ ಎರಡೂ ಕಟ್ಟಡಗಳಿಗೆ ಹರಿಯಬಹುದು. ಸಿಂಧನೂರು ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ನೆಲದಡಿಯ ಪೈಪಿನ ಕೀಲುಗಳು ಕಳಚುತ್ತವೆ. ಅಲ್ಲಿ ಬಾಗುವ ಪೈಪು ಬಳಸಿ, ಒಳಗಿನ ಕೇಬಲ್ಲನ್ನು ಸ್ವಲ್ಪ ಸಡಿಲ ಬಿಡಬೇಕು.

ವೈಫೈ ಇರುವಾಗ ಇಷ್ಟೆಲ್ಲ ಏಕೆ ಎಂಬ ಪ್ರಶ್ನೆ ಸಭೆಯಲ್ಲಿ ಬಂದೇ ಬರುತ್ತದೆ. ದಪ್ಪ ಕಲ್ಲುಗೋಡೆಯನ್ನು ದಾಟುವಷ್ಟರಲ್ಲಿ ವೈಫೈ ಸಂಕೇತ ಬಹಳ ಕ್ಷೀಣಿಸುತ್ತದೆ. ಎರಡನೇ ವೈಫೈ ಸಾಧನ ಇರಿಸಿದರೂ ಅದಕ್ಕೆ ಗಟ್ಟಿ ಸಂಪರ್ಕ ಕೊಡುವುದು ಕೇಬಲ್ಲೇ.

ಗಿಲಾವಿಗೆ ಮೊದಲು ಪ್ರತಿ ಗೋಡೆಯ ಪಕ್ಕ ಅಳತೆಪಟ್ಟಿ ಹಿಡಿದು ಛಾಯಾಚಿತ್ರ ತೆಗೆದು ಕಾಮಗಾರಿಯ ಕಡತಕ್ಕೆ ಸೇರಿಸತಕ್ಕದ್ದು. ಮುಂದೆ ಆ ಗೋಡೆಗೆ ಮೊಳೆ ಹೊಡೆಯುವವರಿಗೆ ಪೈಪು ಎಲ್ಲಿ ಹೋಗಿದೆಯೆಂದು ತಿಳಿಯಲು ಬೇರೆ ದಾರಿಯಿರುವುದಿಲ್ಲ.