ರೇಷನ್ ಅಕ್ಕಿಯಲ್ಲಿರೋದು ಪ್ಲಾಸ್ಟಿಕ್ ಅಲ್ಲ, ಫೋಲಿಕ್ ಆಸಿಡ್!

ಮೈಸೂರು ಮೈನ್ಸ್ ಇರಲಿ, ಬಂಗಾರಪೇಟೆ ಇರಲಿ, ರೇಷನ್ ಅಕ್ಕಿ ಆರಿಸುವಾಗ ಕೆಲವು ಕಾಳು ಬೇರೆ ಥರ ಕಾಣುತ್ತವೆ. ನೀರಿಗೆ ಹಾಕಿದರೆ ಕೆಲವೊಮ್ಮೆ ತೇಲುತ್ತವೆ. "ಇದು ಪ್ಲಾಸ್ಟಿಕ್ ಅಕ್ಕಿ" ಅನ್ನೋ ಸುದ್ದಿ ರಾಜ್ಯದ ಎಷ್ಟೋ ಊರುಗಳಲ್ಲಿ ಹಬ್ಬಿದೆ. ಆರಿಸಿ ಎಸೆಯೋರೂ ಇದ್ದಾರೆ. ಎಂಜಿನಿಯರಿಂಗ್ ಓದೋ ನಾವಾದರೂ ಮನೆಯವರಿಗೆ ನಿಜ ಹೇಳಬೇಕಲ್ವಾ?

ಆ ಕಾಳು ತಯಾರಾಗೋದು ಎಕ್ಸ್‌ಟ್ರೂಡರ್ ಯಂತ್ರದಲ್ಲಿ. ಅಕ್ಕಿ ಹಿಟ್ಟಿಗೆ ಕಬ್ಬಿಣ, ವಿಟಮಿನ್ ಬಿ12 ಮತ್ತು ಫೋಲಿಕ್ ಆಸಿಡ್ ಬೆರೆಸಿ, ಶ್ಯಾವಿಗೆ ಒತ್ತಿದ ಹಾಗೆ ಅಚ್ಚಿನಿಂದ ಒತ್ತಿ, ಅಕ್ಕಿಯ ಆಕಾರಕ್ಕೆ ಕತ್ತರಿಸಿ ಒಣಗಿಸುತ್ತಾರೆ. ಸಾಮಾನ್ಯವಾಗಿ 100 ಕಾಳಿಗೆ ಇಂಥದ್ದು 1 ಕಾಳು ಸೇರಿಸುತ್ತಾರೆ. ಇದೇ ಸಾರವರ್ಧಿತ ಅಕ್ಕಿ.

ಫೋಲಿಕ್ ಆಸಿಡ್ ಯಾಕೆ ಬೇಕು? ಜೀವಕೋಶ ಒಡೆದು ಎರಡಾಗುವಾಗ ಡಿಎನ್ಎಯ ನಕಲು ತಯಾರಾಗಬೇಕು. ಅದಕ್ಕೆ ಫೋಲೇಟ್ ಬೇಕೇ ಬೇಕು. ಗರ್ಭದಲ್ಲಿ ಮೊದಲ ವಾರಗಳಲ್ಲಿ ಈ ಕೆಲಸ ಭಾರಿ ವೇಗದಲ್ಲಿ ನಡೆಯುತ್ತೆ. ಚಪ್ಪಟೆ ಹಾಳೆಯಂಥ ಪದರವೊಂದು ಅಂಚುಗಳಲ್ಲಿ ಮೇಲೆದ್ದು, ಮಡಚಿಕೊಂಡು, ಜಿಪ್ ಎಳೆದಂತೆ ಕೂಡಿ ಕೊಳವೆಯಾಗುತ್ತದೆ. ಅದೇ ನರಕೊಳವೆ, ಮುಂದೆ ಮೆದುಳು, ಬೆನ್ನುಹುರಿ ಆಗೋದು ಅದೇ. ಮೇಲ್ತುದಿ ಮುಚ್ಚದಿದ್ದರೆ ಮೆದುಳು, ತಲೆಬುರುಡೆ ಪೂರ್ತಿ ಬೆಳೆಯಲ್ಲ. ಅಂಥ ಮಗು ಉಳಿಯೋದಿಲ್ಲ. ಕೆಳಗೆ ಮುಚ್ಚದಿದ್ದರೆ ಅದು ಸ್ಪೈನಾ ಬೈಫಿಡಾ. ಕಾಲಿನ ಬಲ, ಮೂತ್ರದ ಹಿಡಿತ ಜೀವನಪೂರ್ತಿ ಕಷ್ಟವಾಗಬಹುದು.

ತೊಡಕು ಇರೋದು ಇಲ್ಲೇ. ಗರ್ಭ ಕಟ್ಟಿದ ಸುಮಾರು 28 ದಿನಕ್ಕೆ ಕೊಳವೆ ಮುಚ್ಚಿ ಮುಗಿದಿರುತ್ತೆ. ಅಷ್ಟರಲ್ಲಿ ಮುಟ್ಟು ತಪ್ಪಿ ಎರಡು ವಾರ ಆಗಿರಬಹುದು, ಅಷ್ಟೇ. ಎಷ್ಟೋ ಜನಕ್ಕೆ ಬಸುರಿ ಅಂತ ಗೊತ್ತೇ ಆಗಿರಲ್ಲ. ಗೊತ್ತಾದ ಮೇಲೆ ಶುರು ಮಾಡಿದ ಮಾತ್ರೆ ಈ ಕೆಲಸಕ್ಕೆ ತಡವಾಗಿರಬಹುದು. ಅದಕ್ಕೇ ಗರ್ಭಕ್ಕೆ ಕನಿಷ್ಠ ಒಂದು ತಿಂಗಳು ಮುಂಚಿನಿಂದ ದಿನಕ್ಕೆ 400 ಮೈಕ್ರೋಗ್ರಾಂ ಬೇಕು ಅನ್ನೋದು.

ಇದು ಬರೀ ಊಹೆಯಲ್ಲ. ಹಿಂದೆ ಇಂಥ ಮಗು ಹೆತ್ತಿದ್ದ ತಾಯಂದಿರಿಗೆ 4 ಮಿಲಿಗ್ರಾಂ ಕೊಟ್ಟು ನೋಡಿದ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಅಧ್ಯಯನದ ಫಲಿತಾಂಶ 1991ರಲ್ಲಿ ಬಂತು. ದೋಷ ಮರುಕಳಿಸೋದು ಶೇ. 72ರಷ್ಟು ಕಡಿಮೆಯಾಗಿತ್ತು.

ಹಾಗಾದರೆ ರೇಷನ್ ಅಕ್ಕಿ ಉಂಡರೆ ಸಾಕಾ? ಲೆಕ್ಕ ಹಾಕೋಣ. ನಮ್ಮ ನಿಯಮದ ಪ್ರಕಾರ ಸಾರವರ್ಧಿತ ಅಕ್ಕಿಯ ಕಿಲೋಗೆ 75ರಿಂದ 125 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರಬೇಕು. ದಿನಕ್ಕೆ 300 ಗ್ರಾಂ ಅಕ್ಕಿ ಉಂಡರೆ ಸಿಗೋದು ಹೆಚ್ಚೆಂದರೆ 37.5. ಬೇಕಾದ 400ರಲ್ಲಿ ಹತ್ತನೇ ಒಂದು ಪಾಲೂ ಆಗಲಿಲ್ಲ! ಅಮೆರಿಕದಲ್ಲಿ 1998ರಿಂದ ಸಾರವರ್ಧಿತ ಹಿಟ್ಟಿಗೆ 100 ಗ್ರಾಂಗೇ 140 ಮೈಕ್ರೋಗ್ರಾಂ ಸೇರಿಸುತ್ತಾರೆ. ಅಂದರೆ ನಮ್ಮ ಅಕ್ಕಿ ಒಳ್ಳೆಯದೇ, ಆದರೆ ಅದೊಂದೇ ಸಾಲದು.

ಊಟದಲ್ಲಿ ಇನ್ನೇನಿದೆ? ಸೊಪ್ಪು, ಅಲಸಂದೆ, ಹೆಸರುಕಾಳು. ಫೋಲೇಟ್ ನೀರಿನಲ್ಲಿ ಕರಗುತ್ತೆ, ಹಾಗಾಗಿ ಬೇಯಿಸಿದ ನೀರು ಚೆಲ್ಲಿದರೆ ಅದೂ ಹೋಯಿತು. ನಮ್ಮ ಕೋಲಾರದ ಕಡೆಯ ಬಸ್ಸಾರು ಇಲ್ಲಿ ಜಾಣ ಅಡುಗೆ: ಬಸಿದ ನೀರೇ ಸಾರಾಗುತ್ತೆ! ಆದರೂ ಶಾಖಕ್ಕೆ ಒಂದಷ್ಟು ನಾಶವಾಗುತ್ತೆ. ಮಾತ್ರೆಯ ಜಾಗ ತುಂಬೋಕೆ ಆಗಲ್ಲ.

ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ನೆನಪಿದೆಯಾ? ಅದರಲ್ಲಿ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತೆ. ಅದು ರಕ್ತಹೀನತೆಗೆ ಕೊಡೋದು, ವಾರಕ್ಕೆ ಒಂದೇ. ಮಗು ಬೇಕು ಅಂದುಕೊಂಡವರಿಗೆ ದಿನದ ಮಾತ್ರೆಯೇ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯರನ್ನು ಕೇಳಬಹುದು. ಮೂರ್ಛೆ ರೋಗಕ್ಕೆ ಮಾತ್ರೆ ತಗೊಳ್ಳೋರು, ಹಿಂದೆ ಇಂಥ ಹೆರಿಗೆ ಆದವರು ಮೊದಲೇ ಡಾಕ್ಟರನ್ನು ಕಾಣಬೇಕು. ಅವರಿಗೆ ಡೋಸ್ ಬೇರೆ.

ಎಲ್ಲ ದೋಷವನ್ನೂ ಇದು ತಡೆಯಲ್ಲ, ಹಾಗಾಗಿ ಯಾವ ತಾಯಿಯ ಮೇಲೂ ತಪ್ಪು ಹೊರಿಸೋದು ಬೇಡ. ಮನೆಯಲ್ಲಿ ಅಕ್ಕನಿಗೋ ಅತ್ತಿಗೆಗೋ ಮದುವೆ ಗೊತ್ತಾದಾಗ ಸೀರೆ, ಛತ್ರದ ಮಾತಿನ ಜೊತೆ ಈ ಮಾತ್ರೆಯ ಮಾತೂ ಬರಲಿ. ಹುಡುಗರೇ, ಇದನ್ನು ನೀವೂ ಹೇಳಬಹುದು. ನಾಚಿಕೆ ಪಡೋ ವಿಷಯ ಇದರಲ್ಲಿ ಏನೂ ಇಲ್ಲ.