ಲಂಡನ್ನಿಗೆ ಹೊರಟಿರಾ? ಮನಸ್ಸನ್ನೂ ಪ್ಯಾಕ್ ಮಾಡಿಕೊಳ್ಳಿ!

ಸೂಟ್‌ಕೇಸಿಗೆ ಸಾರಿನಪುಡಿ, ಚಟ್ನಿಪುಡಿ, ಹಪ್ಪಳ ಎಲ್ಲ ಸೇರಿತು. 'ಅದೃಷ್ಟವಂತೆ ಕಣೇ ನೀನು, ಫಾರಿನ್ನಿಗೆ ಹೊರಟೆ' ಎಂದು ನೆಂಟರೆಲ್ಲ ಹರಸಿದ್ದೂ ಆಯಿತು. ಆದರೆ ಅಲ್ಲಿ ಇಳಿದ ಮೇಲೆ, ಯಜಮಾನರು ಆಫೀಸಿಗೆ ಹೋದ ನಂತರ, ಆ ಪುಟ್ಟ ಫ್ಲ್ಯಾಟಿನಲ್ಲಿ ಸಂಜೆವರೆಗೆ ಏನು ಮಾಡುವುದು? ಇದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ!

ಗಂಡನ ಕೆಲಸದ ಜೊತೆಗೆ ನಾನೂ ಮೂರು ವರ್ಷದ ಮಗಳೂ ಲಂಡನ್ನಿನಲ್ಲಿ ಇಳಿದದ್ದು ಒಂದು ಅಕ್ಟೋಬರಿನಲ್ಲಿ. ಮೊದಲ ವಾರವೇ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ್ದೇ ತಡ, ಹೊಗೆ ಅಲಾರಂ ಕಿವಿ ಕಿತ್ತುಹೋಗುವಂತೆ ಕೂಗಿಕೊಂಡಿತು. ಮಗಳನ್ನು ಎತ್ತಿಕೊಂಡು ಹೊರಗೆ ಓಡಿದೆ. ಎದುರು ಮನೆಯ ಅಜ್ಜಿ ಬಂದು, ಕಿಟಕಿ ತೆರೆದು, ಅಲಾರಂ ಕೆಳಗೆ ಟವೆಲ್ ಬೀಸಿ ಅದನ್ನು ಸುಮ್ಮನಾಗಿಸಿದರು. ಈಗ ನೆನೆದರೆ ನಗು ಬರುತ್ತೆ. ಅವತ್ತು ಮಾತ್ರ ಒಗ್ಗರಣೆ ಹಾಕೋಕೂ ಬಾರದವಳಾದೆನಲ್ಲ ಅಂತ ಅಳು ಬಂದಿತ್ತು.

ನಾಲ್ಕು ಗಂಟೆಗೇ ಕತ್ತಲೆ

ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಡಿಸೆಂಬರಿನಲ್ಲಿ ಬೆಳಗಾಗುವುದು ಎಂಟು ಗಂಟೆಗೆ, ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಆಗ ಊರಿನಲ್ಲಿ ರಾತ್ರಿ ಒಂಬತ್ತೂವರೆ. ನನಗೆ ಯಾರಾದರೂ ಮಾತಿಗೆ ಬೇಕು ಅನ್ನಿಸುವ ಹೊತ್ತಿಗೆ ಅಮ್ಮ ಹಾಸಿಗೆ ಹಾಸಿರುತ್ತಿದ್ದರು. ಆದರೂ 'ಹೇಗಿದ್ದೀಯೇ?' ಎಂದು ಅವರು ಕೇಳಿದರೆ 'ಸೂಪರ್ ಅಮ್ಮ' ಅಂದುಬಿಡುತ್ತಿದ್ದೆ. ಥೇಮ್ಸ್ ನದಿಯ ಪಕ್ಕ ನಗುತ್ತಾ ನಿಂತ ಫೋಟೊ ಕಳಿಸುತ್ತಿದ್ದೆ. ಫೋನ್ ಇಟ್ಟ ಮೇಲೆ ಸಿಂಕಿನ ಮುಂದೆ ನಿಂತು ಅಳು. ನಮ್ಮವರು ಸುಸ್ತಾಗಿ ಬಂದು 'ಇಡೀ ದಿನ ಮನೇಲೇ ಇರ್ತೀಯಲ್ಲ, ನಿನಗೇನು ಕಷ್ಟ?' ಅಂದರೆ ಜಗಳ.

ಒಂದು ದಿನ ಮಗಳು ಕೇಳಿದಳು, 'ಅಮ್ಮ, ನೀನ್ಯಾಕೆ ಯಾರ ಹತ್ರಾನೂ ಮಾತಾಡಲ್ಲ?' ಉತ್ತರ ಹೊಳೆಯಲಿಲ್ಲ. ಯೋಚಿಸಿದರೆ, ಬಂದು ಎರಡು ತಿಂಗಳಾದರೂ ಒಬ್ಬಳೇ ಒಂದು ರಸ್ತೆ ದಾಟಿ ಆಚೆ ಹೋಗಿರಲಿಲ್ಲ. ಎಲ್ಲಿಗೇ ಹೋದರೂ ಗಂಡನ ಹಿಂದೆ. ಹಿಂದೆ ಹಿಂದೆ ನಡೆದರೆ ಊರು ಪರಿಚಯವಾಗುವುದಿಲ್ಲ ಗೆಳತಿ, ಗಂಡನ ಬೆನ್ನು ಮಾತ್ರ ಪರಿಚಯವಾಗುತ್ತದೆ!

ಒಂದು ದಾರಿ ನಿಮ್ಮದಾಗಲಿ

ಮರುದಿನವೇ ಚಿಲ್ಲರೆ ಹಿಡಿದು ಬಸ್ಸು ಹತ್ತಿದೆ. ಡ್ರೈವರ್ ತಲೆ ಅಲ್ಲಾಡಿಸಿದ. ಲಂಡನ್ ಬಸ್ಸುಗಳಲ್ಲಿ 2014ರಿಂದಲೇ ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡನ್ನೇ ಮುಟ್ಟಿಸಬೇಕು. ಎಲ್ಲರ ಮುಂದೆ ಮುಖ ಕೆಂಪಾಗಿ ಇಳಿದುಬಂದೆ. ಆದರೆ ಅದರ ಮರುದಿನ ಕಾರ್ಡ್ ಹಿಡಿದು ಮತ್ತೆ ಹೋದೆ. ಹೋಗಿದ್ದು ಎಲ್ಲಿಗೆ ಗೊತ್ತೇ? ನಾಲ್ಕು ಸ್ಟಾಪ್ ಆಚೆಯ ಸಾರ್ವಜನಿಕ ಗ್ರಂಥಾಲಯಕ್ಕೆ. ಸದಸ್ಯತ್ವಕ್ಕೆ ಕಾಸು ಕೊಡಬೇಕಿಲ್ಲ, ಬೆಚ್ಚಗಿರುತ್ತದೆ, ಪುಟ್ಟ ಮಕ್ಕಳನ್ನು ಕೂರಿಸಿಕೊಂಡು ಹಾಡು ಹೇಳಿಸುವ 'ರೈಮ್ ಟೈಮ್' ಇರುತ್ತದೆ. ಅಲ್ಲಿ ಬಂದಿದ್ದ ಬಾಂಗ್ಲಾದೇಶದ ತಾಯಿಗೂ ಪೋಲೆಂಡಿನ ತಾಯಿಗೂ ನನ್ನದೇ ಕಥೆ!

ನಿಮಗೂ ನನ್ನ ಮೊದಲ ಸಲಹೆ ಇದೇ. ಗ್ರಂಥಾಲಯವೋ, ಪಾರ್ಕೋ, ತರಕಾರಿ ಅಂಗಡಿಯೋ, ಮೊದಲ ತಿಂಗಳೇ ಒಂದು ಜಾಗಕ್ಕೆ ಒಬ್ಬರೇ ಹೋಗಿಬರುವುದನ್ನು ರೂಢಿ ಮಾಡಿಕೊಳ್ಳಿ. ದಾರಿ ತಪ್ಪಿದರೂ ಪರವಾಗಿಲ್ಲ.

ಇವು ನೆನಪಿರಲಿ

* ಬ್ರಿಟನ್ನಿನಲ್ಲಿ ಈಗ ಸಾಮಾನ್ಯವಾಗಿ ವೀಸಾ ಕಾರ್ಡಿನ ಬದಲು ಆನ್‌ಲೈನ್ ಇ-ವೀಸಾ ಇರುತ್ತದೆ. ನಿಮ್ಮ ಖಾತೆಗೆ ನಿಮ್ಮದೇ ಇ-ಮೇಲ್, ನಿಮ್ಮದೇ ಫೋನ್ ನಂಬರ್ ಕೊಡಿ. ಪಾಸ್‌ಪೋರ್ಟ್ ಎಲ್ಲಿದೆಯೆಂದು ನಿಮಗೆ ತಿಳಿದಿರಲಿ.

* ಸ್ಕಿಲ್ಡ್ ವರ್ಕರ್ ವೀಸಾದವರ ಪತ್ನಿಗೆ ಕೆಲಸ ಮಾಡುವ ಹಕ್ಕಿದೆ. 'ಡಿಪೆಂಡೆಂಟ್' ಎಂಬ ಪದ ಕೇಳಿಯೇ ಕೈಚೆಲ್ಲಬೇಡಿ.

* ಹೋದ ಕೂಡಲೇ ಹತ್ತಿರದ ಜಿಪಿ ಡಾಕ್ಟರರಲ್ಲಿ ಮನೆಮಂದಿಯ ಹೆಸರೆಲ್ಲ ನೋಂದಾಯಿಸಿ. ಜ್ವರ ಬಂದ ಮೇಲೆ ಓಡಾಡಬೇಡಿ. ತುರ್ತಿಗೆ 999, ಉಳಿದ ಆರೋಗ್ಯ ಸಲಹೆಗೆ 111.

* ಚಳಿಗಾಲದಲ್ಲಿ ಬಿಸಿಲು ಸಾಲದು. ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳುವ ಬಗ್ಗೆ ಯೋಚಿಸಿ ಎನ್ನುತ್ತದೆ ಅಲ್ಲಿನ ಆರೋಗ್ಯ ಇಲಾಖೆ. ಬೆಳಕಿದ್ದಾಗ ಅರ್ಧ ಗಂಟೆ ನಡೆಯಿರಿ.

* ನಮ್ಮ ಮಿಕ್ಸಿ ಅಲ್ಲೂ ನಡೆಯುತ್ತದೆ, ಅಲ್ಲಿನದೂ 230 ವೋಲ್ಟ್. ಪ್ಲಗ್ಗಿಗೆ ಅಡಾಪ್ಟರ್ ಬೇಕು ಅಷ್ಟೆ. ಒಗ್ಗರಣೆಗೆ ಮೊದಲು ಕಿಟಕಿ ತೆರೆಯಿರಿ, ಅಲಾರಂ ಬ್ಯಾಟರಿಯನ್ನು ಮಾತ್ರ ಖಂಡಿತ ತೆಗೆಯಬೇಡಿ.

* ಕರಿಬೇವು, ನುಗ್ಗೆಕಾಯಿ ಈಸ್ಟ್ ಹ್ಯಾಮ್, ಟೂಟಿಂಗ್ ಕಡೆ ಧಾರಾಳವಾಗಿ ಸಿಗುತ್ತದೆ. ಕನ್ನಡ ಬಳಗದ ಯುಗಾದಿ, ದೀಪಾವಳಿಗೆ ಹೋಗಿ. ಥೇಮ್ಸ್ ದಡದಲ್ಲಿ 2015ರಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ನೋಡಿಬನ್ನಿ. ಆದರೆ ನಮ್ಮವರ ಜೊತೆಗೆ ಮಾತ್ರ ಅಂತ ಇದ್ದುಬಿಡಬೇಡಿ.

* ಎರಡು ವಾರ ಕಳೆದರೂ ಮನಸ್ಸಿನ ಮಂಕು ಹೋಗದಿದ್ದರೆ ಡಾಕ್ಟರಿಗೆ ಹೇಳಿ, ನಾಚಿಕೆ ಬೇಡ. ಮನೆಯಲ್ಲೇ ಹೊಡೆತ, ಬೆದರಿಕೆ ಇದ್ದರಂತೂ 'ವೀಸಾ ಅವರದ್ದು' ಎಂದು ಸಹಿಸಿಕೊಂಡಿರಬೇಡಿ. 0808 2000 247 ಹಗಲು ರಾತ್ರಿ ಸಿಗುವ ಉಚಿತ ಸಹಾಯವಾಣಿ.

ಯಜಮಾನರಿಗೂ ಒಂದು ಮಾತು

ನಿಮಗೆ ಅಲ್ಲಿ ಆಫೀಸಿದೆ, ಸಹೋದ್ಯೋಗಿಗಳಿದ್ದಾರೆ. ಅವಳಿಗೆ ಇರುವುದು ನೀವೊಬ್ಬರೇ. ಬಂದ ಕೂಡಲೇ ಹತ್ತು ನಿಮಿಷ ಫೋನ್ ಪಕ್ಕಕ್ಕಿಟ್ಟು ಅವಳ ದಿನ ಹೇಗಿತ್ತು ಎಂದು ಕೇಳಿ. ಶನಿವಾರ ಮಗುವನ್ನು ನೀವು ನೋಡಿಕೊಳ್ಳಿ, ಅವಳು ಹೊರಗೆ ಹೋಗಿಬರಲಿ. ನಮ್ಮ ಮನೆಯಲ್ಲಿ ಜಗಳ ಕಡಿಮೆಯಾದದ್ದು ಹೀಗೇ.

ಆ ಜನವರಿಯಲ್ಲಿ ಒಂದು ದಿನ ಅಮ್ಮನಿಗೆ ನಿಜ ಹೇಳಿಬಿಟ್ಟೆ. 'ಸೂಪರ್ ಅಲ್ಲಮ್ಮ, ತುಂಬಾ ಬೇಜಾರಾಗಿದೆ.' ಅಮ್ಮ ಗಾಬರಿಯಾಗುತ್ತಾರೆ ಅಂದುಕೊಂಡಿದ್ದೆ. ಅವರು ಮೆಲ್ಲಗೆ ಹೇಳಿದರು, 'ಮದುವೆಯಾಗಿ ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಬಂದಾಗ ನಾನೂ ಆರು ತಿಂಗಳು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ ಕಣೇ. ನಮ್ಮಮ್ಮನಿಗೆ ಹೇಳಲೇ ಇಲ್ಲ. ನೀನು ಹೇಳಿದ್ಯಲ್ಲ, ಒಳ್ಳೇದಾಯ್ತು.'

ಅದಾದ ಮೇಲೆ ಅಮ್ಮ ದಿನವೂ ಅರ್ಧ ಗಂಟೆ ತಡವಾಗಿ ಮಲಗತೊಡಗಿದರು. ನೀವೂ ಹೇಳಿಬಿಡಿ. ಬೇಜಾರಾದರೆ ಬೇಜಾರು ಅನ್ನಿ, ಆಮೇಲೆ ಕೋಟು ಹಾಕಿಕೊಂಡು ಬಸ್ಸು ಹತ್ತಿ. ಕಾರ್ಡ್ ಮರೆಯಬೇಡಿ, ಅಷ್ಟೇ!